ಬೆನ್ನಿನ ಅಳತೆ

ನಾಟಕ ಶುರುವಾಗುವುದು ಸಂಜೆ ಆರೂವರೆಗೆ. ಮಧ್ಯಾಹ್ನದ ಕೊನೆಯ ತಾಲೀಮು ನೋಡುತ್ತಾ ನಾನು ರಂಗದ ಪಕ್ಕದ ಪರದೆಯ ಮರೆಯಲ್ಲಿ ಕೂತಿದ್ದೆ, ತುಟಿಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡು. ಮೃಗ ಒಳಗೆ ಬರುವ ದೃಶ್ಯ. ನೋಡಿದರೆ ಒಳಗೆ ಬಂದದ್ದು ನಮ್ಮಣ್ಣ.

ಅಣ್ಣನಲ್ಲ, ಅಣ್ಣನ ನಡಿಗೆ. ಸೊಂಟದಿಂದ ಮೇಲೆ ಬಗ್ಗಿದ ಮೈ, ಬಲ ಮಂಡಿಯ ಮೇಲೆ ಊರಿದ ಕೈ. ಎದುರಿಗಿದ್ದವರ ಮುಖ ಕಾಣಬೇಕೆಂದರೆ ಕೋಳಿಯ ಹಾಗೆ ಕತ್ತು ಓರೆ ಮಾಡಿ ಕೆಳಗಿನಿಂದ ಮೇಲಕ್ಕೆ ನೋಟ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಎಡ ಮುಂಗೈಯಿಂದ ಬಾಯಿ ಒರೆಸಿಕೊಳ್ಳುವುದೂ ಅದೇ. ಅಣ್ಣ ಒರೆಸಿಕೊಳ್ಳುವುದು ಗೋದಾಮಿನ ಧೂಳನ್ನು. ಇಲ್ಲಿ ಮೃಗ ಒರೆಸಿಕೊಂಡದ್ದು ನಾಟಕದ ಗಿರಣಿಯವಳ ಮಗುವಿನ ರಕ್ತವನ್ನು.

ಗುಂಡುಸೂಜಿ ತುಟಿಗೆ ಚುಚ್ಚಿತು. ಉಗುಳಿದೆ.

ನಮ್ಮಣ್ಣ ಮೂಟೆ ಹೊರುವವನು. ಮೂವತ್ತೊಂದು ವರ್ಷ ಹೊತ್ತಿದ್ದಾನೆ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ್ದೂ ಅವನೇ. ನನ್ನ ಹೊಲಿಗೆ ಯಂತ್ರ ಮೂರನೇ ಮಹಡಿ ಹತ್ತಿದ್ದೂ ಅವನ ಬೆನ್ನ ಮೇಲೆಯೇ. ಬೆನ್ನು ಬಗ್ಗಿದ್ದು ಯಾವ ವರ್ಷ ಅಂತ ನನಗೆ ಬಾಯಲ್ಲಿ ಹೇಳಲು ಬರುವುದಿಲ್ಲ, ಅಳತೆಯಲ್ಲಿ ಹೇಳಬಲ್ಲೆ. ಬಗ್ಗಿದವರ ಅಂಗಿಗೆ ಬೆನ್ನಿನ ತುಂಡು ಉದ್ದ ಬೇಕು, ಎದೆಯ ತುಂಡು ಮೋಟು. ಇಲ್ಲದಿದ್ದರೆ ಹಿಂದೆ ಮೇಲೇರುತ್ತದೆ, ಮುಂದೆ ಜೋತುಬೀಳುತ್ತದೆ. ಮೊದಲು ಒಂದು ಬೆರಳು ವ್ಯತ್ಯಾಸವಿತ್ತು. ಈಗ ನಾಲ್ಕು ಬೆರಳು.

ಮೇಷ್ಟ್ರು, ಅಂದರೆ ನಮ್ಮ ನಾಟಕ ಆಡಿಸುವವರು, ಮೃಗಕ್ಕೆ ಕತ್ತಿನಿಂದ ಪಾದದವರೆಗೆ ತೊಗಲಿನ ಹಾಗೆ ಒಂದೇ ಉಡುಪು ಬೇಕು, ಬಗ್ಗಿದ ಮೈಗೆ ಸರಿಯಾಗಿ ಕೂರಬೇಕು ಅಂದಿದ್ದರು. ನಾನು ಹೆಚ್ಚು ಯೋಚಿಸಲಿಲ್ಲ. ಮೊಳೆಗೆ ನೇತುಹಾಕಿದ್ದ ಅಣ್ಣನ ಅಂಗಿಯ ಕಾಗದದ ಅಳತೆ ತೆಗೆದು ಬಟ್ಟೆಯ ಮೇಲೆ ಹಾಸಿ, ನಟನ ಉದ್ದಕ್ಕೆ ಹಿಗ್ಗಿಸಿ ಸೀಮೆಸುಣ್ಣದ ಗೆರೆ ಎಳೆದು ಕತ್ತರಿಸಿದೆ. ತಪ್ಪು ಅಲ್ಲಿಂದಲೇ ಶುರು.

ಮೃಗ ಆಡುವ ನಟನಿಗೆ ನಾವೆಲ್ಲ ಏಣಿ ಅನ್ನುತ್ತೇವೆ, ಅಷ್ಟು ಉದ್ದ. ಉಡುಪು ಹಾಕಿ ನೋಡಲು ನಾಲ್ಕು ಸಲ ಮನೆಗೆ ಬಂದಿದ್ದ. ಅಣ್ಣನನ್ನು ನೋಡಿ, ಭಾರಿ ಪಾತ್ರ ಸಿಕ್ಕಿದೆ, ನಿಮ್ಮ ನಡಿಗೆ ಸ್ವಲ್ಪ ಕಲಿಸಿಕೊಡಿ ಅಂದನಂತೆ. ಅಣ್ಣನ ಕಿವಿಗೆ ಅದು ಭಾರದ ಪಾತ್ರ ಅಂತ ಬಿತ್ತು. ಭಾರ ಹೊರುವವನ ಮೇಲೂ ಯಾರೋ ನಾಟಕ ಬರೆದಿದ್ದಾರಲ್ಲ ಅಂತ ಅವನಿಗೆ ಎಲ್ಲಿಲ್ಲದ ಹಿಗ್ಗು. ನಾನು ಒಳಕೋಣೆಯಲ್ಲಿ ಯಂತ್ರ ತುಳಿಯುತ್ತಿದ್ದಾಗ ಹೊರಗೆ ಇಬ್ಬರೂ ಹೆಜ್ಜೆ ಹಾಕುತ್ತಾ ನಗುವುದು ಕೇಳಿಸುತ್ತಿತ್ತು. ಏನೋ ತಮಾಷೆ ಅಂದುಕೊಂಡೆ.

ಆ ಅಣ್ಣ ಈಗ ಗೋದಾಮಿಗೆಲ್ಲ ಡಂಗುರ ಸಾರಿದ್ದ. ಹತ್ತು ಜನ ಜೊತೆಗಾರರನ್ನು ಕರೆದುಕೊಂಡು ಸಂಜೆ ಬರುವವನಿದ್ದ, ಎರಡನೇ ಸಾಲಿಗೆ. ತನ್ನ ನಡಿಗೆ ನೋಡಲು.

ಬರಬೇಡ ಅಂದರೆ ಯಾಕೆ ಅನ್ನುತ್ತಾನೆ. ಹೇಳದಿದ್ದರೆ ಹತ್ತು ಜನರ ನಡುವೆ ಕೂತು ನೋಡುತ್ತಾನೆ. ಅವನ ಮೈ, ಅವನ ಕತ್ತು, ಅವನ ಕೈ, ಮಗುವನ್ನು ಹರಿದು ತಿನ್ನುವುದನ್ನು.

ನೆಟ್ಟಗೆ ಮೇಷ್ಟ್ರ ಹತ್ತಿರ ಹೋದೆ. ಏಣಿಯೂ ಅಲ್ಲೇ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಏಣಿಯ ಮುಖ ಇಳಿಯಿತು. ಅವರು ನೋಡಿದರೆ ಖುಷಿಪಡುತ್ತಾರೆ ಅಂದುಕೊಂಡಿದ್ದೆ, ಮೃಗ ಅಂತ ಹೇಳಲು ಯಾಕೋ ಬಾಯಿ ಬರಲಿಲ್ಲ ಅಂತ ಗೊಣಗಿದ. ಮೇಷ್ಟ್ರು ಮಾತ್ರ ಕೈಗಡಿಯಾರ ನೋಡಿಕೊಂಡರು.

"ಬಗ್ಗದೇ ಇದ್ರೆ ಅವನು ಮೃಗ ಅಂತ ಜನಕ್ಕೆ ಹೇಗಮ್ಮ ಗೊತ್ತಾಗುತ್ತೆ?"

"ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅಂತಾರಲ್ಲ ಮೇಷ್ಟ್ರೇ," ಅಂದೆ. "ಬಗ್ಗೋದು ಗುದ್ದು ತಿನ್ನೋನು. ಗುದ್ದೋನು ನೆಟ್ಟಗೇ ನಿಂತಿರ್ತಾನೆ. ನಾನು ಕಂಡಿದ್ದು ಹಾಗೆ."

"ನೀನು ಸೂಜಿ ನೋಡ್ಕೋ. ನಾಟಕ ನಾನು ನೋಡ್ಕೋತೀನಿ."

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಅವಸರವಿತ್ತು. ಸರಿ, ಸೂಜಿಯನ್ನೇ ನೋಡಿಕೊಳ್ಳೋಣ ಅಂತ ಉಡುಪಿನ ಕೋಣೆಗೆ ಬಂದು ಚಿಲಕ ಹಾಕಿದೆ. ಹನ್ನೆರಡು ವರ್ಷದ ಕೆಲಸ ಹೋದರೆ ಹೋಗಲಿ ಅನ್ನುವಷ್ಟು ಧೈರ್ಯವಂತೆ ನಾನಲ್ಲ. ಆದರೂ ಮೃಗದ ತೊಗಲನ್ನು ಮಗುಚಿ ಹಾಕಿ, ಬೆನ್ನಿನ ಬಟ್ಟೆಯನ್ನು ಸೊಂಟದ ಹತ್ತಿರ ನಾಲ್ಕು ಬೆರಳು ಒಳಗೆ ಮಡಚಿದೆ. ದಪ್ಪ ದಾರದಲ್ಲಿ ಎರಡು ಸಾಲು ಹೊಲಿಗೆ ಹಾಕಿ, ಹಲ್ಲಿನಿಂದ ದಾರ ಕಡಿದೆ. ಕತ್ತಿನಿಂದ ಪಾದದವರೆಗೆ ಒಂದೇ ಉಡುಪು. ಬೆನ್ನು ಗಿಡ್ಡವಾದರೆ ಬಗ್ಗಿದವನ ಗಂಟಲು ಹಿಡಿಯುತ್ತದೆ.

ಆರೂಕಾಲಿಗೆ ಏಣಿಯ ಬೆನ್ನಿನ ಕೊಕ್ಕೆ ಹಾಕುತ್ತಿದ್ದೆ.

"ಅಕ್ಕ, ಬಿಗಿ ಆಯ್ತಲ್ಲ?"

"ಒಗೆದಿದ್ದೆ. ಕುಗ್ಗಿರಬೇಕು."

ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. ಒಗೆದ ಬಟ್ಟೆಗೆ ಬಣ್ಣದ ವಾಸನೆ ಇರುವುದಿಲ್ಲ ಅಂತ ಅವನಿಗೂ ಗೊತ್ತು. ಮೇಷ್ಟ್ರನ್ನು ಕೂಗುತ್ತಾನೆ ಅಂತ ಕಾದೆ. ಕೊನೆಯ ಕೊಕ್ಕೆ ಹಾಕಿದ ಮೇಲೆ ರಂಗದ ಕಡೆ ಹೋದ.

ಪರದೆಯ ಸಂದಿಯಿಂದ ಎರಡನೇ ಸಾಲು ಕಾಣುತ್ತಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಅಣ್ಣ ನಡುವೆ ಕೂತಿದ್ದ, ಮದುವೆಗಂಡಿನ ಹಾಗೆ. ಆಚೆ ಐದು, ಈಚೆ ಐದು ಜನ.

ಮೃಗ ಒಳಗೆ ಬಂದಿತು. ಅಭ್ಯಾಸಬಲಕ್ಕೆ ಬಗ್ಗಲು ಹೋಯಿತು. ಕತ್ತುಪಟ್ಟಿ ಗಂಟಲಿಗೆ ಕಚ್ಚಿ, ಏಣಿಯ ಬಾಯಿಂದ ಒಂದು ಸದ್ದು ಹೊರಟಿತು, ಯಾವ ತಾಲೀಮಿನಲ್ಲೂ ಕೇಳದ ಸದ್ದು. ಒಂದು ಗಳಿಗೆ ಹಾಗೇ ನಿಂತ. ಆಮೇಲೆ ಅವನು ಮೆಲ್ಲಗೆ ನೆಟ್ಟಗಾಗತೊಡಗಿದ. ಎಷ್ಟು ಉದ್ದ ಇದ್ದಾನೆ ಅಂತ ನಮಗೇ ಮರೆತುಹೋಗಿತ್ತು. ಗಿರಣಿಯವಳ ಪಾತ್ರದ ಹುಡುಗಿ ಅಭ್ಯಾಸದಂತೆ ಅವನ ಮುಖವನ್ನು ಕೆಳಗೆ ಹುಡುಕಿದಳು, ಅಲ್ಲಿ ಸಿಗಲಿಲ್ಲ. ಕತ್ತೆತ್ತಿ ಮೇಲೆ ನೋಡಿದವಳು ನಿಜವಾಗಿಯೇ ಎರಡು ಹೆಜ್ಜೆ ಹಿಂದೆ ಸರಿದಳು. ಅವನು ಕೈ ಹಿಂದೆ ಕಟ್ಟಿಕೊಂಡು, ಮನೆ ತನ್ನದೇ ಅನ್ನುವಂತೆ ಸುತ್ತಲೂ ನೋಡಿ, ತೊಟ್ಟಿಲಿನತ್ತ ನಡೆದ. ಅವಸರವೇ ಇಲ್ಲದೆ.

ಪಕ್ಕದಲ್ಲಿ ಮೇಷ್ಟ್ರು, "ಇವನಿಗೇನಾಯ್ತು?" ಅಂತ ಹಲ್ಲು ಕಡಿದವರು ಸಭೆಯ ಕಡೆ ಕಣ್ಣು ಹಾಯಿಸಿದರು. ಸಭೆಯಲ್ಲಿ ಒಂದು ಕೆಮ್ಮೂ ಇರಲಿಲ್ಲ.

ಗೆದ್ದೆ ಅಂದುಕೊಂಡು ಅಣ್ಣನತ್ತ ನೋಡಿದೆ. ಅವನು ಕತ್ತು ಓರೆ ಮಾಡಿ ರಂಗದ ಮೇಲೆ ಮೂಟೆ ಹೊರುವವನನ್ನು ಹುಡುಕುತ್ತಿದ್ದ. ಪಕ್ಕದವನು ಮೊಣಕೈಯಿಂದ ತಿವಿದ. ಇರು, ಬರುತ್ತೆ ಅನ್ನುವಂತೆ ಅಣ್ಣ ಕೈಸನ್ನೆ ಮಾಡಿದ. ಸ್ವಲ್ಪ ಹೊತ್ತಿಗೆ ಈಚೆಯವನು ತಿವಿದ. ನಾಟಕ ಮುಗಿಯುವವರೆಗೂ ಅವನು ಹಾಗೇ ಕಾದ. ಒಂದು ಅವಮಾನದಿಂದ ತಪ್ಪಿಸಲು ಹೋಗಿ ಇನ್ನೊಂದಕ್ಕೆ ತಳ್ಳಿದ್ದೆ.

ಪರದೆ ಬಿದ್ದ ಮೇಲೆ ಮೇಷ್ಟ್ರು ಏಣಿಯನ್ನು ಹಿಂದಕ್ಕೆ ತಿರುಗಿಸಿ ಬೆನ್ನಿನ ಮೇಲೆ ಬೆರಳಾಡಿಸಿದರು. ಹೊಲಿಗೆ ಸಿಕ್ಕಿತು.

"ನೀನೇನಾ?"

"ನಾನೇ."

"ನಾಳೆ ಬಂದು ನನ್ನನ್ನ ನೋಡು," ಅಂದರು. ಬಾಗಿಲವರೆಗೆ ಹೋದವರು ತಿರುಗಿ, "ಅದನ್ನ ಬಿಚ್ಚಬೇಡ," ಅಂದರು.

ಅಷ್ಟರಲ್ಲಿ ಅಣ್ಣ ತನ್ನ ದಂಡಿನೊಂದಿಗೆ ಒಳಗೆ ಬಂದ. ಹಿಂದಿನಿಂದ ಒಬ್ಬ, "ಏನ್ ಗುರು, ನಿನ್ನ ನಡಿಗೆ ದಾರಿ ತಪ್ಪಿ ಬೇರೆ ನಾಟಕಕ್ಕೆ ಹೋಯ್ತಾ?" ಅಂದ. ಉಳಿದವರು ನಕ್ಕರು. ಅಣ್ಣನೂ ನಗಲು ನೋಡಿದ, ಆಗಲಿಲ್ಲ. ಏಣಿಯ ಎದುರು ನಿಂತು, ಕತ್ತು ಹೊರಳಿಸಿ ಮೇಲೆ ನೋಡಿದ.

"ಅಲ್ಲಪ್ಪ, ನಾನು ಹೇಳಿಕೊಟ್ಟಿದ್ದೆಲ್ಲ ಎಲ್ಲಿ ಹೋಯ್ತು?"

ಏಣಿಯ ಕತ್ತಿನಲ್ಲಿ ಪಟ್ಟಿ ಕಚ್ಚಿದ ಕೆಂಪು ಬರೆ ಎದ್ದಿತ್ತು. ಅದನ್ನು ಮುಟ್ಟಿಕೊಳ್ಳುತ್ತಾ ನನ್ನನ್ನು ನೋಡಿದ. ಅವನು ಒಂದು ಮಾತು ಅಂದರೆ ಸಾಕಿತ್ತು, ನಿಮ್ಮ ತಂಗಿಯನ್ನೇ ಕೇಳಿ ಅಂತ. ನಾನು ಕೈಯಲ್ಲಿದ್ದ ಕತ್ತರಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಅವನು ಕುರ್ಚಿ ಎಳೆದು, ಅಣ್ಣನ ಕಣ್ಣಿಗೆ ಸಮನಾಗಿ ಕೂತ.

"ಅದು ಭಾರ ಅಣ್ಣ," ಅಂದ. "ಎರಡು ತಿಂಗಳು ಒದ್ದಾಡಿದೆ. ನನ್ನ ಕೈಲಿ ಹೊರೋಕೆ ಆಗಲಿಲ್ಲ."

ಅಣ್ಣ ಎಡ ಮುಂಗೈಯಿಂದ ಬಾಯಿ ಒರೆಸಿಕೊಂಡು ಜೊತೆಗಾರರ ಕಡೆ ತಿರುಗಿ, ಕೇಳಿದ್ರೇನೋ ಅನ್ನುವಂತೆ ಹುಬ್ಬು ಹಾರಿಸಿದ.

"ಮಂಡಿ ಮೇಲೆ ಕೈ ಊರಬೇಕು ಅಂತ ಎಷ್ಟು ಸಲ ಹೇಳಿದ್ದೆ," ಅಂದ. "ಊರದೇ ಹೊತ್ರೆ ಯಾರ ಕೈಲೂ ಆಗಲ್ಲ."