ನಿಂತಲ್ಲೇ ಓಡಿದ ಇಂಜಿನ್

ಇಂಜಿನ್ನಿನಲ್ಲಿ ಎಣ್ಣೆ ಕಮ್ಮಿಯಾದರೆ ಜನ ಎದ್ದುಬಿದ್ದು ಗ್ಯಾರೇಜಿಗೆ ಓಡಿ ಬರುತ್ತಾರೆ. ಹೆಚ್ಚಾದರೆ ಯಾರೂ ಬರುವುದಿಲ್ಲ. ನನ್ನ ಭಾವ ಬಂದರು, ಆದರೆ ರಿಪೇರಿಗಲ್ಲ, ಜಂಬ ಕೊಚ್ಚಿಕೊಳ್ಳಲು. ಲಾರಿಯನ್ನು ನನ್ನ ಬಾಗಿಲಿಗೆ ಅಡ್ಡ ನಿಲ್ಲಿಸಿ, ಅಳತೆ ಕಡ್ಡಿ ಎಳೆದು, ಹಿಗ್ಗಿ ಹೀರೇಕಾಯಿಯಾಗಿ ನನ್ನ ಮೂಗಿನ ಮುಂದೆ ಹಿಡಿದರು.

"ನೋಡು. ಹೋದ ಸಲ ಬದಲಾಯಿಸಿದ ಮೇಲೆ ಒಂದು ತೊಟ್ಟೂ ಸುರಿದಿಲ್ಲ. ಆದ್ರೂ ಮೇಲಿನ ಗೆರೆ ದಾಟಿ ನಿಂತಿದೆ. ಈ ವಯಸ್ಸಲ್ಲೂ ನನ್ನ ಲಾರಿ ಎಣ್ಣೆ ಕುಡಿಯಲ್ಲ."

"ಎತ್ತು ಈಯ್ತು ಅಂದ್ರೆ ಕರು ಕಟ್ಟು ಅಂದ ಹಾಗಾಯ್ತು ನಿಮ್ಮ ಮಾತು," ಅಂದೆ. "ಎಣ್ಣೆ ಎಲ್ಲಾದ್ರೂ ಮರಿ ಹಾಕುತ್ತಾ ಭಾವ?"

ಅವರ ಜಾಣತನ ಅಷ್ಟಕ್ಕೇ ನಿಂತಿರಲಿಲ್ಲ. ಹೆಚ್ಚಾದ ಎಣ್ಣೆಯನ್ನು ಡಬ್ಬಿಯಲ್ಲಿ ಬಸಿದಿಟ್ಟುಕೊಂಡು, ಬಾಗಿಲ ಕೀಲುಗಳಿಗೆಲ್ಲ ಸವರಿ, ಲಾಭವೆಂದುಕೊಂಡಿದ್ದರು. ನನಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಗಿರಾಕಿಗಳು ನನ್ನನ್ನು ಸಿಡುಕ ಮೇಸ್ತ್ರಿ ಎಂದು ಕರೆಯುವುದು ನನಗೂ ಗೊತ್ತು. ಕಡ್ಡಿ ಕಿತ್ತುಕೊಂಡು ಮೂಸಿದೆ. ಡೀಸೆಲ್ ವಾಸನೆ ಮೂಗಿಗೆ ರಪ್ಪನೆ ಬಡಿಯಿತು. ಬೆರಳ ನಡುವೆ ಉಜ್ಜಿದರೆ ಜಿಗುಟೇ ಇಲ್ಲ. ಹಳೆಯ ಪೇಪರಿನ ಮೇಲೆ ಒಂದು ಹನಿ ಬಿಟ್ಟೆ. ಕಪ್ಪು ಚುಕ್ಕೆ ನಡುವೆ ಉಳಿದು, ಅದರ ಸುತ್ತ ತೆಳ್ಳನೆಯ ಒದ್ದೆ ಬಳೆಯೊಂದು ಹರಡಿತು. ಆ ಬಳೆಯೇ ಡೀಸೆಲ್.

"ಇದು ಮೈ ತುಂಬಿಕೊಂಡಿರೋದಲ್ಲ, ಊದಿಕೊಂಡಿರೋದು," ಅಂದೆ. "ಡೀಸೆಲ್ ಸುಡದೆ ಎಣ್ಣೆಗೆ ಇಳೀತಿದೆ. ಎಣ್ಣೆ ನೀರಾದ್ರೆ ಕಬ್ಬಿಣಕ್ಕೆ ಕಬ್ಬಿಣ ತಿಕ್ಕುತ್ತೆ. ಒಂದು ದಿನ ಲೋಡ್ ಹೊತ್ತು ಏರು ಹತ್ತುವಾಗ ಬೇರಿಂಗ್ ಕಚ್ಚಿ ಹಿಡ್ಕೊಳುತ್ತೆ. ಆಮೇಲೆ ಇಂಜಿನ್ ತೂಕಕ್ಕೆ ಮಾರೋದೇ."

ಭಾವನ ಮುಖ ಸಪ್ಪಗಾಯಿತು. ಅವರಿಗೆ ಹೊಲವಿಲ್ಲ, ಅಂಗಡಿಯಿಲ್ಲ, ಮಕ್ಕಳಿಲ್ಲ. ಆ ಲಾರಿ ಓಡಿದರೆ ಅನ್ನ, ಅಕ್ಕನ ಔಷಧಿ. ನಿಂತರೆ ಎರಡೂ ಇಲ್ಲ.

ಅಕ್ಕ ನನ್ನನ್ನು ಸಾಕಿದವಳು. ಅಮ್ಮ ಹೋದಾಗ ನಾನಿನ್ನೂ ಚಡ್ಡಿ ಹಾಕಲು ಕಲಿಯುತ್ತಿದ್ದೆ. ಮದುವೆಯಾಗಿ ಹೋಗುವಾಗ ನನ್ನನ್ನೂ ಕಂಕುಳಲ್ಲಿ ಕಟ್ಟಿಕೊಂಡು ಹೋದಳು. ಭಾವ ತುಟಿಪಿಟಕ್ಕೆನ್ನಲಿಲ್ಲ. ನಾನು ಕೈಗೆ ಬಂದ ಮೇಲೆ ಅವಳು ಲಾರಿ ಹತ್ತಿದಳು. ಇಪ್ಪತ್ತು ವರ್ಷ ಗಂಡನ ಪಕ್ಕದಲ್ಲಿ ಕೂತು ಊರೂರು ಸುತ್ತಿದಳು. ಗಾಜು ಒರೆಸಿದಳು, ಚಕ್ರಕ್ಕೆ ಕಲ್ಲು ಕೊಟ್ಟಳು, ಹಗ್ಗ ಬಿಗಿದಳು. "ಸಂಬಳ ಇಲ್ಲದ ಕ್ಲೀನರ್, ಬೈಗುಳ ಮಾತ್ರ ಡ್ರೈವರಿಗೆ," ಎಂದು ಭಾವ ನಗಾಡುತ್ತಿದ್ದರು. ಹೋದ ವರ್ಷ ಅವಳ ಬೆನ್ನುಮೂಳೆಗೆ ರೋಗ ಹತ್ತಿತು. ಡಾಕ್ಟರು ವಾಸಿಯಾಗುತ್ತದೆ ಎಂದು ಹೇಳಲಿಲ್ಲ, ನೋವು ಕಮ್ಮಿ ಮಾಡಬಹುದು ಎಂದರು. ನಾನು ನೋಡಲು ಹೋದಾಗಲೆಲ್ಲ ದಿಂಬಿಗೊರಗಿ ಕೂತು, ನನ್ನ ಉಗುರಿನ ಕೊಳೆಗೆ ಬೈಯುತ್ತಿದ್ದಳು. ನಿದ್ದೆ ಬರುತ್ತಾ ಎಂದರೆ, "ನಿನ್ನ ಹಾಗೆ ಹಂದಿನಿದ್ದೆ ಇಲ್ಲ, ಬರುತ್ತೆ" ಎನ್ನುತ್ತಿದ್ದಳು. ನಾನು ನಂಬಿದ್ದೆ.

ಲಾರಿಯನ್ನು ಗ್ಯಾರೇಜಿನಲ್ಲೇ ಇಟ್ಟುಕೊಂಡೆ. ಇಂಜೆಕ್ಟರ್‌ಗಳನ್ನು ಬಿಚ್ಚಿ ಪರೀಕ್ಷೆಗಿಟ್ಟರೆ ಒಂದೊಂದೂ ಡೀಸೆಲನ್ನು ಮಂಜಿನಂತೆ ಸಿಂಪಡಿಸಿತು, ಒಂದೂ ತೊಟ್ಟಿಕ್ಕಲಿಲ್ಲ. ಡೀಸೆಲ್ ಪಂಪಿನ ಸೀಲು ಚೆನ್ನಾಗಿಯೇ ಇತ್ತು, ಆದರೂ ಹೊಸದು ಹಾಕಿದೆ. ಹಳೆಯ ಎಣ್ಣೆ ಬಸಿದು, ಫಿಲ್ಟರ್ ಬದಲಾಯಿಸಿ, ಹೊಸ ಎಣ್ಣೆಯನ್ನು ಗೆರೆಗೆ ಸರಿಯಾಗಿ ತುಂಬಿದೆ. "ಇನ್ನು ಏರಿದ್ರೆ ನನ್ನ ಹೆಸರೇ ಬದಲಾಯಿಸಿ," ಎಂದು ಕಳಿಸಿಕೊಟ್ಟೆ.

ಏರಿತು. ಕೆಲವೇ ದಿನಕ್ಕೆ ಗೆರೆಯ ಮೇಲೆ ಒಂದು ಬೆರಳು.

ಆಗ ಉಳಿದಿದ್ದು ಒಂದೇ ಕಾರಣ. ಭಾರ ಎಳೆಯದೆ ಇಂಜಿನ್ ನಿಂತಲ್ಲೇ ಗಂಟೆಗಟ್ಟಲೆ ಗುರುಗುಟ್ಟುತ್ತಿದ್ದರೆ ಅದಕ್ಕೆ ಬಿಸಿಯೇರುವುದಿಲ್ಲ. ತಣ್ಣಗಿರುವ ಸಿಲಿಂಡರಿನಲ್ಲಿ ಡೀಸೆಲ್ ಪೂರ್ತಿ ಉರಿಯದೆ ಗೋಡೆಗುಂಟ ಜಾರಿ ಕೆಳಗಿನ ಎಣ್ಣೆಗೆ ಸೇರುತ್ತದೆ.

"ಭಾವ, ನಿಂತಲ್ಲೇ ಓಡಿಸ್ತೀರಾ?"

"ಲೋಡ್ ಮಾಡುವಾಗ ಸ್ವಲ್ಪ ಹೊತ್ತು. ಎಲ್ಲರೂ ಮಾಡೋದೇ ಅಲ್ವಾ."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಹೇಳಿದವರು ನನ್ನ ಮುಖ ನೋಡದೆ ಗೋಡೆಯ ಪಾನಾಗಳನ್ನು ನೋಡುತ್ತಿದ್ದರು. ನಾನು ಕ್ಯಾಬಿನ್ ಹತ್ತಿ ಎರಡು ಮೀಟರುಗಳನ್ನೂ ನೋಡಿದೆ. ಇಂಜಿನ್ ಓಡಿದ ಗಂಟೆಗಳನ್ನು ನೋಡಿದರೆ ಲಾರಿ ದೇಶ ಸುತ್ತಿ ಬಂದಿರಬೇಕು. ಕಿಲೋಮೀಟರ್ ನೋಡಿದರೆ ಊರಿನ ಎಲ್ಲೆಯನ್ನೇ ಸರಿಯಾಗಿ ದಾಟಿಲ್ಲ. ಕೇಳಿದರೆ ಮೀಟರ್ ಕೆಟ್ಟಿದೆ ಎಂದರು. ಮೀಟರ್ ಕೆಟ್ಟಿರಲಿಲ್ಲ. ಮನೆಯಲ್ಲಿ ಹೆಂಡತಿ ನರಳುತ್ತಿರುವಾಗ ಈ ಮನುಷ್ಯ ಲಾರಿಯಲ್ಲಿ ತಂಪುಗಾಳಿ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದಾನೆ ಎಂದುಕೊಂಡು ನಾನು ಬೆಂಕಿಯಾದೆ.

ಮರುದಿನ ಮಧ್ಯಾಹ್ನ ಹೇಳದೆ ಕೇಳದೆ ಅವರ ಮನೆಗೆ ಹೋದೆ. ಲಾರಿ ಮನೆಯ ಹಿಂದಿನ ಖಾಲಿ ಜಾಗದಲ್ಲಿ, ಗೋಡೆಯ ನೆರಳಿನಲ್ಲಿ ನಿಂತಿತ್ತು. ಇಂಜಿನ್ ಓಡುತ್ತಿತ್ತು. ಸುತ್ತ ನರಪಿಳ್ಳೆಯಿಲ್ಲ. ಕ್ಯಾಬಿನ್ ಹತ್ತಿ, ಸ್ಟಿಯರಿಂಗ್ ಹಿಂದೆ ಯಾರೂ ಇಲ್ಲದ್ದನ್ನು ಕಂಡು, ಬೈಗುಳವನ್ನು ಬಾಯಲ್ಲೇ ಇಟ್ಟುಕೊಂಡು ಕೀಲಿ ತಿರುಗಿಸಿದೆ. ಇಂಜಿನ್ ಒಮ್ಮೆ ಮೈ ಕೊಡವಿ ನಿಂತಿತು.

ಸೀಟಿನ ಹಿಂದಿನ ಪರದೆಯ ಆಚೆಯಿಂದ ನರಳುವ ಸದ್ದು ಬಂತು.

"ಯಾಕೆ ನಿಲ್ಸಿದ್ರಿ? ಊರು ಬಂತಾ?"

ಅಕ್ಕನ ದನಿ. ಪರದೆ ಸರಿಸಿದೆ. ಎರಡಡಿ ಅಗಲದ ಮಲಗುವ ಹಲಗೆಯ ಮೇಲೆ, ಹಳೆಯ ಕಂಬಳಿಯಲ್ಲಿ ಮುದುಡಿ ಮಲಗಿದ್ದಳು. ಕಣ್ಣು ತೆರೆದಳು. ನಾನು ಯಾರೆಂದು ತಿಳಿಯುವಷ್ಟರಲ್ಲಿ ನೋವು ಅವಳನ್ನು ಹಿಡಿದಾಗಿತ್ತು. ಮುಖ ಕಿವುಚಿಹೋಯಿತು. ನನ್ನೆದುರು ಅವಳು ಹಾಗೆ ಕಂಡದ್ದು ಅದೇ ಮೊದಲು.

ಭಾವ ಮನೆಯೊಳಗಿಂದ ನೀರಿನ ಚೊಂಬು ಹಿಡಿದು ಓಡಿ ಬಂದರು. ಬೈಯಲಿಲ್ಲ. ನನ್ನನ್ನು ಪಕ್ಕಕ್ಕೆ ಸರಿಸಿ ಕೀಲಿ ತಿರುಗಿಸಿದರು. ಹಲಗೆ ಮತ್ತೆ ಸಣ್ಣಗೆ ನಡುಗತೊಡಗಿತು. ಅಕ್ಕನ ಹುಬ್ಬು ನಿಧಾನವಾಗಿ ಸಡಿಲಾಯಿತು.

ಕೆಳಗಿಳಿದ ಮೇಲೆ ಭಾವ ಎಲ್ಲ ಹೇಳಿದರು. ಮನೆಯ ಮಂಚದ ಮೇಲೆ ಅವಳಿಗೆ ಕಣ್ಣು ಮುಚ್ಚಲಾಗುವುದಿಲ್ಲ. ಮಾತ್ರೆ ನುಂಗಿದರೂ ಗೋಡೆ ನೋಡುತ್ತ ಬಿದ್ದಿರುತ್ತಾಳೆ. ಒಂದು ದಿನ ಆಸ್ಪತ್ರೆಯಿಂದ ಬರುವಾಗ ಲಾರಿಯಲ್ಲೇ ನಿದ್ದೆ ಹೋದಳು. ಮನೆ ಮುಂದೆ ನಿಲ್ಲಿಸಿದರೆ ಎಚ್ಚರ. ಅಂದಿನಿಂದ ಅವರು ಬೆಳಗಿನ ಸಣ್ಣ ಬಾಡಿಗೆ ಮಾತ್ರ ಹಿಡಿದು, ಮಧ್ಯಾಹ್ನದಿಂದ ಸಂಜೆಯವರೆಗೆ ಅವಳನ್ನು ಎತ್ತಿ ಮಲಗಿಸಿ ಇಂಜಿನ್ ಓಡಿಸುತ್ತಾರೆ.

"ನಂಗೆ ಯಾಕೆ ಹೇಳ್ಲಿಲ್ಲ?"

"ತಮ್ಮ ಕೂಗಾಡ್ತಾನೆ, ಹೇಳ್ಬೇಡಿ ಅಂದಿದ್ಲು. ನೀನು ಕೂಗಾಡೋನೇ ಅಲ್ವಾ?"

ನಾನು ಅಲ್ಲೇ ಚಕ್ರಕ್ಕೊರಗಿ ಕೂತೆ.

ಆಮೇಲೆ ನಾನು ಬಲ್ಲ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ನಿಂತಲ್ಲೇ ಓಡುವ ವೇಗವನ್ನು ಸ್ವಲ್ಪ ಏರಿಸಿ ಕಟ್ಟಿದರೆ ಇಂಜಿನ್ ಬಿಸಿಯಾಗುತ್ತದೆ, ಎಣ್ಣೆಗೆ ಡೀಸೆಲ್ ಇಳಿಯುವುದು ಕಮ್ಮಿ. ಏರಿಸಿದೆ. ಅಕ್ಕನಿಗೆ ಎಚ್ಚರವಾಯಿತು. "ಗೇರ್ ಬದಲಾಯಿಸಿ, ಇಂಜಿನ್ ಕಿರಿಚ್ತಿದೆ" ಎಂದಳಂತೆ. ಒಂದು ಸಣ್ಣ ಮೋಟಾರನ್ನು ಮನೆಯ ಮಂಚದ ಕಾಲಿಗೆ ಬಿಗಿದು ಓಡಿಸಿದೆ. ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ನನ್ನೇನು ಹಿಟ್ಟಿನ ಗಿರಣಿಗೆ ಹಾಕ್ತಿದ್ದೀಯಾ?" ಎಂದಳು. ನಕ್ಕಿದ್ದಕ್ಕೂ ಬೆನ್ನು ನೋಯಿತು. ಕೊನೆಗೆ ಇಂಜಿನ್ ಹಾಗೇ ಓಡಲಿ, ವಾರವಾರ ಎಣ್ಣೆ ಬದಲಾಯಿಸುತ್ತೇನೆ ಎಂದೆ. ಭಾವ ಹೂಂ ಎಂದರು. ಆದರೆ ಏರಿನಲ್ಲಿ ಎಣ್ಣೆಯ ಒತ್ತಡ ಆಗಲೇ ಕುಸಿಯುತ್ತಿತ್ತು. ತಳದಿಂದ ಟಕ್ ಟಕ್ ಎನ್ನುವ ಸದ್ದು ಶುರುವಾಗಿತ್ತು. ಆ ಸದ್ದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಮೂರನೆಯವಳಿಗೂ ಗೊತ್ತಾಯಿತು. ಒಂದು ಮಧ್ಯಾಹ್ನ ನಾನು ಎಣ್ಣೆ ಬಸಿದು, ಕೈ ಒರೆಸಿಕೊಂಡು ಅವಳನ್ನು ಮಾತಾಡಿಸಲು ಹತ್ತಿದೆ. ಅಕ್ಕ ನನ್ನ ಕೈ ಹಿಡಿದು ಮೂಗಿನ ಹತ್ತಿರ ಎಳೆದುಕೊಂಡಳು. ಇಪ್ಪತ್ತು ವರ್ಷ ಆ ಲಾರಿಯ ಅಳತೆ ಕಡ್ಡಿ ನೋಡಿದವಳು ಅವಳೇ.

"ಎಣ್ಣೆಗೆ ಡೀಸೆಲ್ ಸೇರ್ತಿದೆ. ನನ್ನಿಂದಾನಾ?"

"ಇಲ್ಲ ಅಕ್ಕ, ಪಂಪಿನ ಸೀಲು."

"ಸೀಲು ಹೊಸದು ಹಾಕ್ದೆ ಅಂತ ನೀನೇ ಹೇಳಿದ್ದೆ," ಎಂದಳು. ನನ್ನ ಕೈ ಬಿಟ್ಟಳು.

ಅದರ ಮುಂದಿನ ವಾರ ಭಾವ ಗ್ಯಾರೇಜಿಗೆ ಬಂದಾಗ ಮುಖದಲ್ಲಿ ಕಳೆಯಿತ್ತು. ಡಾಕ್ಟರು ಬೇರೆ ಮಾತ್ರೆ ಕೊಟ್ಟಿದ್ದಾರೆ, ಅಕ್ಕ ಈಗ ಮಂಚದ ಮೇಲೆಯೇ ಮಲಗುತ್ತಾಳೆ, ಲಾರಿ ಬೇಡ ಎಂದಿದ್ದಾಳೆ, ದೂರದ ಬಾಡಿಗೆಗೂ ಹೋಗಿ ಎಂದು ಅವಳೇ ಅಟ್ಟಿದ್ದಾಳೆ. ನಾನು ಇಂಜಿನ್ ಇಳಿಸಿ ಬೇರಿಂಗ್ ಬದಲಾಯಿಸಿದೆ. ಎಣ್ಣೆ ಗೆರೆ ಬಿಟ್ಟು ಮೇಲೇಳಲಿಲ್ಲ. ಹೊಸ ಮಾತ್ರೆಗೆ ಮನಸ್ಸಿನಲ್ಲೇ ಕೈ ಮುಗಿದೆ. ನನ್ನಂಥ ದಡ್ಡ ಇನ್ನೊಬ್ಬನಿರಲಾರ.

ರಜೆಯ ದಿನ ನೋಡಲು ಹೋದೆ. ಕೋಣೆಯ ಕಿಟಕಿ ಅರ್ಧ ಮುಚ್ಚಿತ್ತು. ಅಕ್ಕ ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ, ಒಂದೇ ಸಮ ಉಸಿರಾಡುತ್ತಿದ್ದಳು. ಭಾವ ಬಾಗಿಲಲ್ಲಿ ತುಟಿಗೆ ಬೆರಳಿಟ್ಟು, ತುದಿಗಾಲಲ್ಲಿ ಹಿತ್ತಲಿಗೆ ಹೋದರು. ನಾನು ಸ್ಟೂಲಿನ ಮೇಲೆ ಕೂತೆ.

"ಹೋದ್ರಾ?" ಎಂದಳು ಅಕ್ಕ, ಕಣ್ಣು ಬಿಡದೆ.

ನಾನು ಬೆಚ್ಚಿದೆ. ಅವಳು ತಿರುಗಿದಾಗ ನೋಡಿದೆ. ಕೆಳತುಟಿಯಲ್ಲಿ ಹಲ್ಲು ಕಚ್ಚಿದ ಗುರುತುಗಳು, ಒಂದು ಒಣಗಿ ಇನ್ನೊಂದು ಹಸಿ. ಮುಷ್ಟಿಯಲ್ಲಿ ಹೊದಿಕೆಯ ಅಂಚು ಹಿಂಡಿ ಹಿಂಡಿ ಹರಿದಿತ್ತು.

"ಬೇರೆ ಮಾತ್ರೆನೂ ಇಲ್ಲ, ಎಂಥದೂ ಇಲ್ಲ," ಎಂದಳು. "ಅದೇ ಮಾತ್ರೆ. ಡಾಕ್ಟರಿಗೆ ಹೇಳಿ ಬೇರೆ ಡಬ್ಬೀಲಿ ಹಾಕಿಸ್ದೆ ಅಷ್ಟೆ."

"ಎಷ್ಟು ದಿನ ಆಯ್ತು ನಿದ್ದೆ ಮಾಡಿ?"

"ಲೆಕ್ಕ ಯಾರಿಗೆ ಬೇಕು? ನಾನು ಇವತ್ತಲ್ಲ ನಾಳೆ ಹೋಗೋಳು. ಇಂಜಿನ್ ತಿಂದು ಹೋದ್ರೆ ಆಮೇಲೆ ಅವರು ಏನ್ ಓಡಿಸ್ಬೇಕು? ಬೇರೆಯವರ ಲಾರೀಲಿ ಕೂಲಿ ಡ್ರೈವರ್ ಆಗ್ಬೇಕಾ, ಈ ವಯಸ್ಸಲ್ಲಿ?"

"ನಾನು ಹೇಳ್ತೀನಿ ಅವರಿಗೆ."

"ಹೇಳಿದ್ರೆ ನನ್ನ ಮುಖ ನೋಡ್ಬೇಡ. ನಿನ್ನ ಎತ್ತಿ ಆಡಿಸಿದ್ದಕ್ಕೆ ನಾನು ಏನೂ ಕೇಳಿಲ್ಲ ಇಲ್ಲಿವರೆಗೆ. ಇದೊಂದು ಕೇಳ್ತೀನಿ."

ನನಗೆ ದುಃಖ ಉಕ್ಕಿ ಬಂತು, ಅದರ ಹಿಂದೆಯೇ ಕೋಪವೂ. ಎದ್ದು ಹಿತ್ತಲಿಗೆ ಹೋದೆ. ಹೇಳಿಬಿಡುವುದೆಂದೇ ಹೋದೆ. ಭಾವ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತು, ಒದ್ದೆ ಬಟ್ಟೆಯೊಂದನ್ನು ಹಿಂಡದೆ ಕೈಯಲ್ಲೇ ಹಿಡಿದಿದ್ದರು.

"ಭಾವ, ಅಕ್ಕ ಅಲ್ಲಿ..."

"ಗೊತ್ತು," ಎಂದರು.

ನಾನು ಕಟ್ಟೆಯ ಮೇಲೆ ಅವರ ಪಕ್ಕ ಕೂತೆ.

"ನಿದ್ದೆ ಹತ್ತಿದ್ರೆ ಅವಳ ಬಲಗಾಲು ಇಲ್ಲದ ಬ್ರೇಕ್ ಒತ್ತುತ್ತೆ. ಇಳಿಜಾರಲ್ಲಿ ನನ್ನ ನಂಬದೆ ಒತ್ತೀ ಒತ್ತೀ ಅಭ್ಯಾಸ ಆಗೋಗಿದೆ. ಮಂಚದ ಮೇಲೆ ಮಲಗೋಕೆ ಶುರು ಮಾಡಿದ ಮೇಲೆ ಒಂದು ಸಲಾನೂ ಒತ್ತಿಲ್ಲ."

"ಮೊದಲ ದಿನದಿಂದಲೇ ಗೊತ್ತಾ?"

"ಮೊದಲ ದಿನದಿಂದಲೇ. ಗ್ಯಾರೇಜಲ್ಲಿ ನಿನ್ನ ಮುಂದೆ ಮುಖ ಅರಳಿಸಿದ್ದೂ ನಾಟಕ."

"ಹಾಗಾದ್ರೆ ಎತ್ತಿ ಲಾರೀಲಿ ಮಲಗಿಸಿ. ಇಂಜಿನ್ ಹಾಳಾಗಿ ಹೋಗ್ಲಿ. ಹಾಳಾದ್ರೆ ನಾನು ಕಟ್ಟಿಕೊಡ್ತೀನಿ."

"ಎತ್ತೋಕೆ ಹೋಗಿದ್ದೆ. ಬೇಡ, ಇಲ್ಲೇ ಚೆನ್ನಾಗಿ ನಿದ್ದೆ ಬರ್ತಿದೆ ಅಂದ್ಲು. ಹೇಳುವಾಗ ಅವಳ ಮುಖದಲ್ಲಿ ಒಂಥರಾ ಖುಷಿ. ಕಾಯಿಲೆ ಬಿದ್ದಾಗಿನಿಂದ ಆ ಖುಷಿ ನೋಡಿರ್ಲಿಲ್ಲ ನಾನು. ಕೈಯಲ್ಲಿ ಆಗೋದು ಏನೂ ಉಳಿದಿಲ್ಲ ಅಂತ ಅಳ್ತಿದ್ದೋಳು, ಈಗ ನನಗೆ ಏನೋ ಒಂದು ಕೊಟ್ಟಿದ್ದಾಳೆ. ಅದನ್ನ ಹೇಗೆ ವಾಪಸ್ ಕೊಡ್ಲಿ ಹೇಳು." ಒದ್ದೆ ಬಟ್ಟೆಯಿಂದ ನೀರು ಅವರ ಮೊಣಕಾಲ ಮೇಲೆ ಇಳಿಯುತ್ತಿತ್ತು. "ನಾನೂ ಪಕ್ಕದಲ್ಲಿ ಎಚ್ಚರವಾಗೇ ಇರ್ತೀನಿ. ಅದು ಅವಳಿಗೆ ಗೊತ್ತಿಲ್ಲ."

ನಾನು ಸಿಡುಕ. ಆದರೆ ಯಾರ ಮೇಲೆ ಸಿಡುಕಬೇಕೆಂದು ಆ ಹೊತ್ತು ತಿಳಿಯಲಿಲ್ಲ. ಇಬ್ಬರಿಗೂ ಮಾತು ಕೊಟ್ಟವನಂತೆ ಬಾಯಿ ಹೊಲಿದುಕೊಂಡು ಒಳಗೆ ಹೋದೆ. ಅಕ್ಕ ನನ್ನ ಕೆಂಪಾದ ಕಣ್ಣುಗಳನ್ನು ನೋಡಿ ಗಾಬರಿಯಾದಳು.

"ಹೇಳಿಬಿಟ್ಯಾ?"

"ಇಲ್ಲ."

"ಅವರು ಏನಂದ್ರು? ನಂಬಿದ್ದಾರಾ, ನಾನು ನಿದ್ದೆ ಮಾಡ್ತೀನಿ ಅಂತ?"

"ನಂಬಿದ್ದಾರೆ ಅಕ್ಕ," ಎಂದೆ.

ಹಿತ್ತಲ ಕಡೆಯಿಂದ ಭಾವನ ಹೆಜ್ಜೆ ಕೇಳಿಸಿತು. ಅಕ್ಕ ಬೇಗ ಬೇಗ ಗೋಡೆಗೆ ತಿರುಗಿ ಕಣ್ಣು ಮುಚ್ಚಿದಳು.