ಸೆಲ್ಲಾರಿನ ಊಟ

"ಊಟ, ಅಮ್ಮಾ, ಊಟ!" ಎಂದು ಸೆಲ್ಲಾರಿನ ಮೆಟ್ಟಿಲ ಕೆಳಗಿನಿಂದ ಸಿಂಹಾಚಲಂ ಮೇಸ್ತ್ರಿಯ ದನಿ ಬಂದದ್ದೇ ತಡ, ವಿಜಯಲಕ್ಷ್ಮೀ ತಟ್ಟೆಗೆ ರೊಟ್ಟಿ ಹಾಕತೊಡಗಿದಳು. ಗಡಿಯಾರದಲ್ಲಿ ಇನ್ನೂ ಹನ್ನೊಂದೂಕಾಲು. ಮನುಷ್ಯನಿಗೆ ಹಸಿವು ಕೊಂಚ ಬೇಗ. ಆದರೇನಂತೆ, ಬಾಯಿಬಿಟ್ಟು ಕನ್ನಡದಲ್ಲಿ ಕೇಳುತ್ತಾನಲ್ಲ! ತೆಲುಗಿನವರು ಇದಕ್ಕೆ ಭೋಜನ ಎನ್ನುತ್ತಾರೆಂದು ವಿಜಯವಾಡದಲ್ಲಿದ್ದ ಮೂರು ವರ್ಷದಲ್ಲಿ ಅವಳು ಕಲಿತಿದ್ದಳು. ಅವಳು ಕಲಿತ ತೆಲುಗು ಹೆಚ್ಚುಕಡಿಮೆ ಅಷ್ಟೇ.

"ಮೇಸ್ತ್ರಿ ಎರಡ ದಿನದಾಗ ಕನ್ನಡ ಕಲ್ತಾನ ನೋಡ್ರಿ," ಎಂದು ಆಗಲೇ ಗಂಡನಿಗೆ ಫೋನು ಮಾಡಿ ಹೇಳಿಯಾಗಿತ್ತು. ಬ್ಯಾಂಕಿನ ಗದ್ದಲದ ನಡುವೆ ದಿನಕರ, "ನಿನ್ನ ಮಗಳು ಹದಿಮೂರು ವರ್ಷದಾಗ ನೆಟ್ಟಗ ಬರಿಯೂದು ಕಲೀಲಿಲ್ಲ," ಎಂದು ನಕ್ಕಿದ್ದ.

ವಿಶಾಖಪಟ್ಟಣಕ್ಕೆ ವರ್ಗವಾದ ಮೇಲೆ ಎಂವಿಪಿ ಕಾಲೋನಿಯ ಇಳಿಜಾರಿನಲ್ಲಿ ಈ ಹಳೆಯ ಮನೆಯನ್ನು ಕೊಂಡದ್ದೇ ಸೆಲ್ಲಾರಿನ ಆಸೆಗೆ. ಹಿಂದಿನ ಗೋಡೆ ಪೂರ್ತಿ ಮಣ್ಣಿನೊಳಗೆ, ಮುಂದಿನ ಬಾಗಿಲು ಅಂಗಳಕ್ಕೆ. ನಡುವೆ ಇಪ್ಪತ್ತು ಮಕ್ಕಳು ಕೂರುವಷ್ಟು ಜಾಗ. ವರ್ಗಾವಣೆಯ ಬೆನ್ನು ಹತ್ತಿ ಊರೂರು ತಿರುಗಿದ ಹದಿನಾಲ್ಕು ಪೆಟ್ಟಿಗೆ ಕನ್ನಡ ಪುಸ್ತಕಗಳನ್ನು ಇಲ್ಲಿ ಬಿಚ್ಚಿಡಬೇಕು, ಭಾನುವಾರ ನಮ್ಮವರ ಮಕ್ಕಳನ್ನು ಕರೆದು ಅಕ್ಷರ ಕಲಿಸಬೇಕು ಎಂಬುದು ಅವಳ ಆಸೆ. ಹದಿನಾಲ್ಕು ಇದ್ದದ್ದು ಹಿಂದೆ. ವಿಜಯವಾಡದಲ್ಲಿ ಬುಡಮೇರು ಹೊಳೆ ಉಕ್ಕಿದ ವರ್ಷ ಎರಡು ಪೆಟ್ಟಿಗೆ ನೀರುಪಾಲಾದವು. ಅಂಟಿಕೊಂಡ ಹಾಳೆಗಳನ್ನು ತಾರಸಿಯ ಮೇಲೆ ಒಂದೊಂದಾಗಿ ಬಿಡಿಸುತ್ತ ಅವಳು ಅತ್ತಿದ್ದಳು.

ಈ ಸೆಲ್ಲಾರಿಗೂ ಬಂದ ಹೊಸತರಲ್ಲಿ ಪೇಟೆಯ ಅತಿ ದುಬಾರಿ ಬಣ್ಣವನ್ನೇ ಹೊಡೆಸಿದ್ದರು. ಒಂದೇ ಮಳೆಗಾಲಕ್ಕೆ ಹಿಂದಿನ ಗೋಡೆ ಪೂರಿಯಂತೆ ಉಬ್ಬಿತು. "ಇನ್ನೊಮ್ಮೆ ಹಿಂಗಾದ್ರ ಪೆಟ್ಟಿಗಿ ಎಲ್ಲಾ ಧಾರವಾಡಕ್ಕ ನಿಮ್ಮಣ್ಣನ ಮನಿಗೆ ಕಳಸೂಣು. ಅಲ್ಲೆರ ಬೆಚ್ಚಗಿರ್ತಾವ," ಎಂದ ದಿನಕರ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆದರೆ ಅಣ್ಣನ ಮನೆಯ ಅಟ್ಟ ಸೇರಿದ ಪೆಟ್ಟಿಗೆ ತನ್ನ ಕಾಲದಲ್ಲಿ ಕೆಳಗಿಳಿಯುವುದಿಲ್ಲ ಎಂದು ವಿಜಯಲಕ್ಷ್ಮಿಗೆ ಗೊತ್ತಿತ್ತು. ಹಾಗಾಗಿ ಗೋಡೆಗೆ ಏನು ಮಾಡಿಸಬೇಕೆಂಬ ಈ ಸಲದ ಆಯ್ಕೆ ತಪ್ಪುವಂತಿರಲಿಲ್ಲ.

ಅವಳು ಕೇಳದವರಿಲ್ಲ. ಗೋಡೆಯ ಹೊರಗಿನ ಮಣ್ಣನ್ನೆಲ್ಲ ಅಗೆದು ಶೀಟು ಅಂಟಿಸಿ ಎಂದು ಒಬ್ಬರು, ಒಳಗಡೆ ಹಲಗೆ ಹೊಡೆದು ಮುಚ್ಚಿಬಿಡಿ, ಕಣ್ಣಿಗೆ ಕಾಣದಿದ್ದರಾಯಿತು ಎಂದು ಇನ್ನೊಬ್ಬರು. ಕಡೆಗೆ ನೀರು ತಡೆಯುವ ಬಣ್ಣದ ಕಂಪನಿಯೊಂದರಿಂದ ಗೌರವ್ ಎಂಬ ಹುಡುಗ ಟೈ ಕಟ್ಟಿಕೊಂಡು ಬಂದ. ಗೋಡೆಗೆ ಮೀಟರು ಒತ್ತಿ, "ಸಮುದ್ರದ ಹವಾ ಮೇಡಂ, ಬರೀ ಹ್ಯುಮಿಡಿಟಿ. ಮೂರು ಕೋಟ್ ಹೊಡೆದರೆ ಹತ್ತು ವರ್ಷ ಗ್ಯಾರಂಟಿ," ಎಂದ. ಬೆಂಗಳೂರಲ್ಲಿ ಓದಿದವನಾದ್ದರಿಂದ ಅದನ್ನು ಕನ್ನಡದಲ್ಲೇ ಹೇಳಿದ. ಅವಳು ಆ ಮಾತಿಗೇ ಸೋತಳು. ಸೋಮವಾರ ಕೆಲಸ ಶುರು ಎಂದಾಯಿತು. ಅಷ್ಟರೊಳಗೆ ಉಬ್ಬಿದ ಗಾರೆಯನ್ನು ಕೆತ್ತಿಡಲು ಬಂದವನೇ ಸಿಂಹಾಚಲಂ.

ಅವನ ಕೆಲಸ ಅಷ್ಟೇ ಆಗಿತ್ತು. ಆದರೆ ಮೊದಲ ದಿನವೇ ಒಂದು ಹಾಲಿನ ಪ್ಯಾಕೆಟ್ಟನ್ನು ಕತ್ತರಿಸಿ ಬಿಡಿಸಿ, ಒರೆಸಿ, ನಾಲ್ಕೂ ಕಡೆ ಟೇಪು ಹಾಕಿ ಗೋಡೆಗೆ ಅಂಟಿಸಿದ. ದೃಷ್ಟಿಗಿರಬೇಕು ಎಂದುಕೊಂಡಳು ಅವಳು. ಮಾರನೆಯ ದಿನ ಅದನ್ನು ಬಿಚ್ಚಿ ನೋಡಿದವನು ಮೇಲೆ ಬಂದು, ಉತ್ತರಾಂಧ್ರದ ತೆಲುಗಿನಲ್ಲಿ ಗಡಗಡನೆ ಏನೇನೋ ಹೇಳಿದ. ಅವಳ ಕಿವಿಗೆ ಬಿದ್ದದ್ದು ಊಟ ಎಂಬ ಒಂದೇ ಮಾತು. "ಸರೇ, ಸರೇ," ಎಂದು ತಟ್ಟೆ ಹಾಕಿದಳು. ಆಮೇಲೆ ದಿನವೂ ಅದೇ. ಅವನು ಊಟ ಎನ್ನುವುದು, ಇವಳು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸುವುದು. ಅವನು ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಚೊಕ್ಕಟವಾಗಿ ಉಣ್ಣುವುದು. ನನ್ನ ಶಾಲೆಗೆ ಇವನೇ ಮೊದಲ ವಿದ್ಯಾರ್ಥಿ ಎಂದು ಅವಳು ಒಳಗೊಳಗೇ ಬೀಗುತ್ತಿದ್ದಳು.

ಇವತ್ತು, ಶನಿವಾರವೂ, ತಟ್ಟೆ ಹಿಡಿದು ಅವಳು ಮೆಟ್ಟಿಲಿಳಿದಳು. ಸಿಂಹಾಚಲಂ ತಟ್ಟೆ ಮುಟ್ಟಲಿಲ್ಲ. ಎರಡೂ ಕೈ ಜೋಡಿಸಿ, "ಅದಿ ಕಾದಮ್ಮಾ! ಊಟ! ಚಾಲಾ ಊಟ!" ಎಂದ. ಚಾಲಾ ಅಂದರೆ ಬಹಳ. ಇಷ್ಟೊಂದು ಹಸಿವೇ ಎಂದು ಅವಳಿಗೆ ಗಾಬರಿಯಾಯಿತು. "ಇನ್ನೂ ನಾಲ್ಕ ರೊಟ್ಟಿ ತರ್ತೀನಿ, ತಡೀರಿ," ಎಂದು ತಿರುಗಿದವಳ ಹಿಂದೆ ಕಿಸಕ್ಕನೆ ಯಾರೋ ನಕ್ಕರು. ಅರ್ಧ ದಿನದ ಶಾಲೆ ಮುಗಿಸಿ ಬಂದ ಮಗಳು ಜಾಹ್ನವಿ ಬಾಗಿಲಲ್ಲಿ ಚೀಲ ಸಮೇತ ನಿಂತಿದ್ದಳು.

"ಯಾಕ ನಗ್ತೀಯ?"

"ಹೇಳ್ಲೇನು? ತೆಲುಗು ಐತಿ ಅದು." ಹೊಸ್ತಿಲ ಒಳಗೆ ತೆಲುಗು ಮಾತಾಡಿದರೆ ಒಂದು ಪುಟ ಕಾಗುಣಿತ ಬರೆಯಬೇಕೆಂಬುದು ಆ ಮನೆಯ ಕಾನೂನು. "ಶಿಕ್ಷಾ ಇಲ್ಲ ಅಂದ್ರ ಹೇಳ್ತೀನಿ."

"ಇಲ್ಲ, ಹೇಳು."

"ಊಟ ಅಂದ್ರ ನೀರು, ಅಮ್ಮಾ! ನೆಲದಾಗಿಂದ ತಾನ ಜಿನುಗೋ ನೀರು. ನಮ್ಮ ತೆಲುಗು ಪಾಠದಾಗ ಐತಿ, ಊಟಬಾವಿ ಅಂತ. ಅಂವಾ ಊಟ ಕೇಳಾಕತ್ತಿಲ್ಲ. ಗ್ವಾಡಿ ಹಿಂದ ಒರತಿ ಐತಿ ಅಂತ ಹೇಳಾಕತ್ತಾನ!"

ವಿಜಯಲಕ್ಷ್ಮೀ ತಟ್ಟೆಯನ್ನು ಕೆಳಗಿಟ್ಟು ಗೋಡೆಯ ಕಡೆ ತಿರುಗಿದಳು. ಸಿಂಹಾಚಲಂ ಮತ್ತೆ ಅಂಟಿಸಿಟ್ಟಿದ್ದ ಹಾಲಿನ ಪ್ಯಾಕೆಟ್ಟಿನ ಅಂಚು ಬಿಡಿಸಿ ತೋರಿಸಿದ. ಹೊರಮೈ ಒಣಗಿತ್ತು, ಗೋಡೆಯ ಕಡೆಯ ಮೈಯಲ್ಲಿ ಹನಿ ಸಾಲುಗಟ್ಟಿತ್ತು. ಹವಾದ ತೇವವಾಗಿದ್ದರೆ ಹೊರಗೆ ಕೂರುತ್ತಿತ್ತು, ಇದು ಗುಡ್ಡದಿಂದ ಬರುವ ನೀರು, ಬಣ್ಣ ಹೊಡೆದರೆ ಒಳಗೇ ನಿಂತು ಮತ್ತೆ ತಳ್ಳುತ್ತದೆ ಎಂದು ಅವನು ಹೇಳಿದ್ದನ್ನು ಮಗಳು ಕನ್ನಡಕ್ಕೆ ತಂದಳು.

"ಹಂಗಾದ್ರ ದಿನಾ ಯಾಕ ಉಂಡೆ ಅಂತ ಕೇಳು," ಎಂದಳು ತಾಯಿ, ಮುಖ ಕೆಂಪಾಗಿ.

ಜಾಹ್ನವಿ ಕೇಳಿದಳು. ಉತ್ತರ ಕೇಳಿ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಳು. "ನೆಲದಾಗ ನೀರು ಐತಿ ಅಂತ ಹೇಳಿದವರಿಗೆ ಊಟ ಹಾಕೂದು ನಿಮ್ಮ ಸೀಮಿ ಪದ್ಧತಿ ಅಂದ್ಕೊಂಡಿದ್ನಂತ!"

ವಿಜಯಲಕ್ಷ್ಮಿಗೆ ಮೊದಲು ನಾಚಿಕೆ, ಆಮೇಲೆ ತಡೆಯಲಾರದ ನಗು. ನಗುತ್ತಲೇ ಗೌರವ್‌ಗೆ ಫೋನು ಮಾಡಿ ಒರತೆಯ ವಿಷಯ ಕೇಳಿದಳು. ಅವನು, "ಹಿಂದಿನಿಂದ ನೀರು ತಳ್ಳುತ್ತಿದ್ದರೆ ಗ್ಯಾರಂಟಿ ಬರಲ್ಲ ಮೇಡಂ," ಎಂದ. ಒಪ್ಪಿಕೊಂಡನಲ್ಲ ಎಂದು ಅವನ ಮೇಲೂ ಅವಳಿಗೆ ಪ್ರೀತಿ ಬಂತು.

ಸಿಂಹಾಚಲಂ ಹೇಳಿದ ದಾರಿ ಸರಳವಾಗಿತ್ತು. ನೀರನ್ನು ತಡೆಯುವುದು ಬೇಡ, ಹೋಗಲು ಬಿಡೋಣ. ಹಿಂದಿನ ಗೋಡೆಯ ಬುಡದಲ್ಲಿ ಗೇಣಗಲದ ಕಾಲುವೆ ಕೊರೆದ, ತೂತಿನ ಪೈಪಿಟ್ಟು ಜಲ್ಲಿ ತುಂಬಿದ, ಮೇಲೆ ಹಾಸುಗಲ್ಲು ಮುಚ್ಚಿದ. ಪೈಪಿನ ಬಾಯನ್ನು ಇಳಿಜಾರಿನ ಅಂಗಳಕ್ಕೆ, ನುಗ್ಗೆಯ ಮರದ ಬುಡಕ್ಕೆ ಬಿಟ್ಟ. ದಿನಕರನಿಗೆ ಅರ್ಧ ನಂಬಿಕೆ. "ಮಳಿ ಬರಲಿ, ನೋಡೂಣು. ಅಲ್ಲೀತನಕ ಪೆಟ್ಟಿಗಿ ಬಿಚ್ಚಬ್ಯಾಡ," ಎಂದ.

ಅಕ್ಟೋಬರಿನಲ್ಲಿ ಸಮುದ್ರದ ಮೇಲಿಂದ ಬಂದ ಮಳೆ ಮೂರು ದಿನ ಬಿಡದೆ ಹೊಡೆಯಿತು. ಆ ಮೂರು ದಿನ ವಿಜಯಲಕ್ಷ್ಮೀ ಸೆಲ್ಲಾರಿನ ಬಾಗಿಲು ತೆಗೆಯಲಿಲ್ಲ, ಧೈರ್ಯ ಸಾಲಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಬರಿಗಾಲಲ್ಲಿ ಇಳಿದಳು. ನೆಲ ಒಣಗಿತ್ತು. ಗೋಡೆಗೆ ಅಂಗೈ ಒತ್ತಿದಳು, ಆಮೇಲೆ ಕೆನ್ನೆ ಒತ್ತಿದಳು. ಬರೀ ತಂಪು, ಹನಿಯಿಲ್ಲ. ಸಂತೋಷ ತಾಳಲಾರದೆ, "ರೀ! ಬರ್ರಿ ಇಲ್ಲೆ!" ಎಂದು ಕೂಗಿದಳು. ಹಲ್ಲುಜ್ಜುತ್ತಿದ್ದ ದಿನಕರ ಹಾಗೇ ಓಡಿ ಬಂದು, ಗೋಡೆ ಮುಟ್ಟಿ ನೋಡಿ, ಬ್ರಶ್ಶು ಕಚ್ಚಿಕೊಂಡೇ ಮೇಲೆ ಹೋಗಿ ಮೊದಲ ಪೆಟ್ಟಿಗೆಯನ್ನು ಹೊತ್ತು ತಂದ.

ಹೊರಗೆ ನುಗ್ಗೆಯ ಬುಡದಲ್ಲಿ ಪೈಪಿನಿಂದ ಕಿರುಬೆರಳು ದಪ್ಪದ ಧಾರೆ ಬೀಳುತ್ತಿತ್ತು. ಯಾರೂ ಕರೆಯದಿದ್ದರೂ ಸಿಂಹಾಚಲಂ ತಲೆಯ ಮೇಲೆ ಪ್ಲಾಸ್ಟಿಕ್ ಚೀಲ ಹೊದ್ದು ಬಂದು, ಅದನ್ನೇ ನೋಡುತ್ತ ಕೂತಿದ್ದ. "ಊಟ ಬೈಟಕಿ ಪೋಯಿಂದಮ್ಮಾ," ಎಂದ. ಈ ಸಲ ಅವಳಿಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ.

"ಆ ಊಟ ಹೊರಗ ಹೋತು. ಈಗ ಊಟಕ್ಕ ನೀವು ಒಳಗ ಬರ್ರಿ," ಎಂದಳು.

ಜಾಹ್ನವಿ ಸೀಮೆಸುಣ್ಣ ಹಿಡಿದು ಪೈಪಿನ ಮೇಲಿನ ಗೋಡೆಯಲ್ಲಿ ದಪ್ಪಗೆ ಎರಡು ಅಕ್ಷರ ಬರೆಯುತ್ತಿದ್ದಳು. ಊಟ.

"ಯಾವ ಭಾಷಾದಾಗ ಬರದಿ?" ಎಂದು ತಾಯಿ ಹುಬ್ಬು ಗಂಟಿಕ್ಕಿ ಕೇಳಿದಳು.

"ನೀನ ಹೇಳು."

ವಿಜಯಲಕ್ಷ್ಮೀ ಹತ್ತಿರ ಹೋಗಿ ನೋಡಿದಳು. ತಲೆ ವಾರೆ ಮಾಡಿ ಮತ್ತೊಮ್ಮೆ ನೋಡಿದಳು. ಕನ್ನಡ ಅಂದರೆ ಕನ್ನಡ, ತೆಲುಗು ಅಂದರೆ ತೆಲುಗು. ಆಮೇಲೆ, ಒರೆಸಲೆಂದು ಎತ್ತಿದ್ದ ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ರೊಟ್ಟಿ ತಟ್ಟಲು ಒಳಗೆ ಹೋದಳು.