ಕೆಂಚನ ಬಲಗೈ

ಕಂಪ್ಲಿಯ ಕಾಲುವೆ ಗದ್ದೆಗಳಲ್ಲಿ ಭತ್ತ ನಾಟಿ ಮಾಡುವ ನಮ್ಮ ಹೆಂಗಸರ ಗುಂಪಿಗೆ ನಾನೇ ಹಿರಿಯಳು, ಹೆಸರು ದುರ್ಗಕ್ಕ. ಬೆನ್ನು ಬಗ್ಗುವುದನ್ನು ಬಿಟ್ಟ ಮೇಲೆ ಬದುವಿನ ಮೇಲೆ ನಿಂತು ಸಸಿ ಕಟ್ಟು ಎಸೆಯುವುದು, ಕತೆ ಹೇಳುವುದು, ಇವೆರಡೇ ನನ್ನ ಕೆಲಸ. ಗದ್ದೆಯ ಯಜಮಾನ ಕೊಟ್ರಯ್ಯ ಒಂದು ಸಲ ಕತೆಯ ಬದಲಿಗೆ ಟ್ರಾನ್ಸಿಸ್ಟರ್ ತಂದಿಟ್ಟು ನೋಡಿದ. ಹಾಡಿಗೆ ಓಡುತ್ತಿದ್ದ ಕೈಗಳು ವಾರ್ತೆ ಬಂದೊಡನೆ ನಿಂತವು. ಮಾರನೆಯ ದಿನ ಅದನ್ನು ಅವನೇ ಮನೆಗೆ ಒಯ್ದ.

ನನ್ನ ಕತೆಯ ನಾಯಕ ಕೆಂಚ. ಅವನ ಕತೆ ಶುರುವಾಗಿ ಎಷ್ಟು ಬೆಳೆ ಕಳೆದವೋ ನನಗೇ ಲೆಕ್ಕವಿಲ್ಲ. ಅವನು ಎತ್ತಿದ ಕತ್ತಿ ಕೆಳಗಿಳಿಯಬೇಕಾದರೆ ಮೂರು ಗದ್ದೆ ನಾಟಿಯಾಗಬೇಕು. ಅಷ್ಟರೊಳಗೆ ವೈರಿಗೆ ತನ್ನ ಬಾಲ್ಯವನ್ನೆಲ್ಲ ಹೇಳಿ ಮುಗಿಸುತ್ತಾನೆ, ವೈರಿಯೂ ಪಾಪ, ಕೈಕಟ್ಟಿ ಕೇಳುತ್ತಾನೆ. ಸೋತ ವೈರಿ ಮುಂದಿನ ಬೆಳೆಗೆ ಗೆಳೆಯನಾಗುತ್ತಾನೆ. ಸತ್ತ ಕುದುರೆ ಎರಡು ಸಲ ಎದ್ದು ಬಂದಿದೆ. ನಮ್ಮ ಹೆಂಗಸರು ಇದಕ್ಕೆಲ್ಲ ತಕರಾರು ಎತ್ತಿದವರಲ್ಲ. ಮಂಡಿಯವರೆಗೆ ಕೆಸರಿನಲ್ಲಿ ನಿಂತವರಿಗೆ ಕುದುರೆ ಬದುಕಿದ್ದರೇ ಒಳ್ಳೆಯದು.

ತಕರಾರು ಎತ್ತಿದವಳು ಜಂಬಮ್ಮ. ಸಂಡೂರು ಕಡೆಯ ಚೋರನೂರಿನಿಂದ ನಮ್ಮೂರಿಗೆ ಸೊಸೆಯಾಗಿ ಬಂದವಳು. ಜೋಳ ಬಿತ್ತುವ ಊರಿನವಳಾದರೂ ನಾಟಿಯನ್ನು ಬೇಗ ಕಲಿತಳು, ಮಾತು ಮಾತ್ರ ಕಡಿಮೆ. ಅವತ್ತು ಕೆಂಚ ರಾಜಕುಮಾರಿಗೆ ತಾಳಿ ಕಟ್ಟಿದ್ದೇ ತಡ, ವೈರಿಗಳು ಮದುವೆಯ ಚಪ್ಪರಕ್ಕೆ ನುಗ್ಗಿದ್ದರು. ಅವನು ಬಲಗೈಯಿಂದ ಕತ್ತಿ ಹಿರಿದ ಎಂದು ನಾನು ಹೇಳುತ್ತಿದ್ದಂತೆ ಸಾಲಿನ ನಡುವೆ ಅವಳು ನೆಟ್ಟಗೆ ನಿಂತಳು.

"ಅಕ್ಕಾ, ಬಲಗೈ ಹ್ವಾದ ವರ್ಷ ಕಡದು ಬಿದ್ದಿತ್ತಲ್ಲ?"

ಹೌದು, ನಾನೇ ಕಡಿಸಿದ್ದೆ. ಸಂಡೂರಿನ ಗುಡ್ಡದ ಮೇಲೆ, ಮಾರ ಎಂಬ ಮಾಂತ್ರಿಕನ ಕೈಯಿಂದ. ಅವತ್ತು ನಮ್ಮ ಸಾಲಿನ ಚೆನ್ನಬಸಮ್ಮ ಅತ್ತು ಸೆರಗಿನಲ್ಲಿ ಮೂಗು ಒರೆಸಿಕೊಂಡದ್ದೂ ನೆನಪಾಯಿತು. ಕತೆ ಹೇಳುವವರಿಗೆ ಅಂಥ ಗಳಿಗೆಯಲ್ಲಿ ಬರುವ ಸಿಟ್ಟು ಶತ್ರುವಿಗೂ ಬೇಡ. ನಾಟಿ ಹಚ್ಚುವಾಗ ನಾವು ಹಿಂದೆ ಹಿಂದೆ ಸರಿಯುತ್ತ ಬರುತ್ತೇವೆ. ಎಲ್ಲೋ ಸಂದು ಬಿಟ್ಟದ್ದು ಕಂಡರೂ ಆಗಲೇ ಹೋಗಿ ತುಂಬುವಂತಿಲ್ಲ, ನೆಟ್ಟದ್ದು ಕಾಲಡಿಗೆ ಸಿಗುತ್ತದೆ. ಅದಕ್ಕೇ ಗದ್ದೆಯ ಮೂಲೆಯಲ್ಲಿ ಒಂದಿಷ್ಟು ಸಸಿ ಉಳಿಸಿಟ್ಟು, ಉಳಿದವು ಬೇರು ಹಿಡಿದ ಮೇಲೆ ಸಂದು ತುಂಬುತ್ತೇವೆ. ಆ ಮಾತನ್ನೇ ಅವಳತ್ತ ಎಸೆದೆ.

"ಕತಿಗೂ ಮೂಲ್ಯಾಗ ಸಸಿ ಇಟ್ಟೀನಿ. ನೀ ಬಗ್ಗಿ ಹಚ್ಚು."

ಎಲ್ಲರೂ ನಕ್ಕರು. ಮೂಲೆಯಲ್ಲಿ ಒಂದು ಕಡ್ಡಿಯೂ ಇಲ್ಲ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ಬುತ್ತಿ ಬಿಚ್ಚಿದಾಗ ಜಂಬಮ್ಮ ನನ್ನ ಪಕ್ಕಕ್ಕೆ ಬಂದು ಕುಳಿತಳು. ಜಗಳಕ್ಕೇ ಬಂದಳೆಂದು ನಾನೂ ತಯಾರಾದೆ. ಅವಳು ರೊಟ್ಟಿ ಮುರಿಯದೆ ತನ್ನ ತಮ್ಮ ಗುಡ್ಡಪ್ಪನ ವಿಷಯ ಹೇಳಿದಳು. ಹೋದ ಚಳಿಗಾಲ ಆಲೆಮನೆಯ ಕೆಲಸಕ್ಕೆ ಹೋಗಿದ್ದವನ ಬಲಗೈ ಕಬ್ಬಿನ ಗಾಣಕ್ಕೆ ಸಿಕ್ಕಿ, ಮುಂಗೈ ಹೋಗಿತ್ತು. ಊರಿಗೆ ಬಂದವನು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟ. ಇವಳು ತವರಿಗೆ ಹೋದಾಗ ಬೇರೇನೂ ತೋಚದೆ ಕೆಂಚನ ಕತೆ ಹೇಳಿದಳಂತೆ. ಬಲಗೈ ಹೋದ ಮೇಲೆ ಅವನು ಎಡಗೈಯಲ್ಲಿ ಕತ್ತಿ ಕಲಿತದ್ದು, ಎಡಗೈಯಲ್ಲೇ ಹೊಳೆ ಈಜಿದ್ದು, ಎಲ್ಲವನ್ನೂ. ಗುಡ್ಡಪ್ಪ ಈಚೆ ತಿರುಗಿದನಂತೆ. ಈಗ ಎಡಗೈಯಲ್ಲಿ ಉಣ್ಣುತ್ತಾನೆ, ಎತ್ತು ಕಟ್ಟುತ್ತಾನೆ. ಮೊಂಡುಗೈಯನ್ನು ಮಾತ್ರ ಟವಲ್ಲಿನಿಂದ ಹೊರಗೆ ತೆಗೆಯುವುದಿಲ್ಲ.

"ನಿನ್ ಕತಿ ಸುಳ್ಳು ಅಂತ ಕೇಳ್ಲಿಲ್ಲಕ್ಕಾ," ಎಂದಳು. "ನಾಡದು ಸಂತಿಗೆ ಬರ್ತಾನ ಅವ. ಕೆಂಚನ ಕೈ ಬಂತು ಅಂದ್ರ, ನಂದ್ಯಾವಾಗ ಬರ್ತೈತಿ ಅಂತ ಕೇಳ್ತಾನ. ಏನು ಹೇಳ್ಲಿ?"

ಇಷ್ಟು ವರ್ಷದಲ್ಲಿ ಕೆಂಚನನ್ನು ಮನಸಾರೆ ನಂಬಿದವಳು ಇವಳೊಬ್ಬಳೇ ಅನ್ನಿಸಿತು. ಸಂಕಟವಾಯಿತು, ಹೆಮ್ಮೆಯೂ ಆಯಿತು. ನಿಜ ಹೇಳಬೇಕೆಂದರೆ ಹೆಮ್ಮೆಯೇ ಸ್ವಲ್ಪ ಜಾಸ್ತಿ.

ಆ ಮಧ್ಯಾಹ್ನ ಹೊಟ್ಟೆನೋವಿನ ನೆಪ ಹೇಳಿ ಕತೆ ನಿಲ್ಲಿಸಿದೆ. ಸಸಿ ಎಸೆಯುತ್ತ ಯೋಚಿಸಿದ್ದೇ ಯೋಚಿಸಿದ್ದು. ಸಂಡೂರಿನ ಗುಡ್ಡದ ಬೇರು ಅರೆದು ಹಚ್ಚಿ ಕೈ ಚಿಗುರಿಸೋಣವೆಂದರೆ ಗುಡ್ಡಪ್ಪ ಗುಡ್ಡವನ್ನೆಲ್ಲ ಅಗೆಯುತ್ತಾನೆ. ದೇವರಿಂದ ಕೊಡಿಸಿದರೆ ಕಂಡ ಗುಡಿಗಳನ್ನೆಲ್ಲ ಸುತ್ತುತ್ತಾನೆ. ಕೈ ಬರಲೇಕೂಡದು. ಹಾಗಾದರೆ ಚಪ್ಪರದಲ್ಲಿ ಕತ್ತಿ ಹಿರಿದವನು ಯಾರು?

ಮರುದಿನ ಬದುವಿನ ಮೇಲೆ ನಿಂತು ಹೇಳಿಯೇಬಿಟ್ಟೆ. ಅವನು ಕೆಂಚನೇ ಅಲ್ಲ, ಕೆಂಚನ ವೇಷ ತೊಟ್ಟ ಮಾರ. ನಿಜವಾದ ಕೆಂಚ ಇನ್ನೂ ದಾರಿಯಲ್ಲಿದ್ದಾನೆ, ಎಡಗೈಯಲ್ಲಿ ಲಗಾಮು ಹಿಡಿದು ಬರುತ್ತಿದ್ದಾನೆ.

ಸಾಲಿಗೆ ಸಾಲೇ ನಿಂತುಬಿಟ್ಟಿತು. ಚೆನ್ನಬಸಮ್ಮನಿಗಂತೂ ಕೋಪ ನೆತ್ತಿಗೇರಿತು. ತಾಳಿ ಕಟ್ಟಿಸಿಕೊಂಡ ರಾಜಕುಮಾರಿಯ ಗತಿ ಏನು ಎಂದು ಕೇಳಿದಳು. ಅಕ್ಷತೆ ಬಿದ್ದಿತ್ತು, ತಾಳಿ ಬಿದ್ದಿರಲಿಲ್ಲ ಎಂದೆ. ಬಿದ್ದಿತ್ತು ಎಂದು ಅರ್ಧ ಸಾಲು ಸಾಕ್ಷಿ ಹೇಳಿತು. ಒಂದು ಸಂದು ತುಂಬಲು ಹೋಗಿ ನಾಲ್ಕು ಸಸಿ ತುಳಿದಿದ್ದೆ. ಆಗ ಜಂಬಮ್ಮ, ತನಗೆ ಮೊದಲಿನಿಂದಲೂ ಆ ಮದುಮಗನ ಮೇಲೆ ಅನುಮಾನವಿತ್ತು ಎಂದು ದೊಡ್ಡದಾಗಿ ಹೇಳಿ ಬಗ್ಗಿದಳು. ಅವಳೇ ಒಪ್ಪಿದ ಮೇಲೆ ಉಳಿದವರೂ ಗೊಣಗುತ್ತ ಬಗ್ಗಿದರು.

ಸಂತೆಯ ದಿನ ಗುಡ್ಡಪ್ಪ ಅಕ್ಕನನ್ನು ನೋಡಲು ಗದ್ದೆಗೇ ಬಂದ. ಎತ್ತರದ ಆಳು, ಬಲಗೈ ಟವಲ್ಲಿನೊಳಗೆ. ನನ್ನಿಂದ ಅಷ್ಟು ದೂರದಲ್ಲಿ, ಹೆಂಗಸರಿಗೆ ಎಡಭುಜ ಕಾಣುವಂತೆ ಕುಳಿತ. ಅಷ್ಟರಲ್ಲಿ ಕೆಂಚ ಚಪ್ಪರದ ಮುಂದೆ ಕುದುರೆ ಇಳಿದಿದ್ದ. ಎದುರಿಗೆ ಮಾರ. ಕೆಂಚ ಮೊದಲು ತಲೆಗೆ ರುಮಾಲು ಬಿಗಿದ ಎಂದೆ.

"ಒಂದ ಕೈಲೆ ರುಮಾಲು ಹೆಂಗ ಸುತ್ತಿದ?" ಎಂದ ಗುಡ್ಡಪ್ಪ.

ಇವನು ಆ ಅಕ್ಕನ ತಮ್ಮನೇ ಸರಿ ಅಂದುಕೊಂಡೆ. ಈ ಸಲ ಸಿಟ್ಟು ಬರಲಿಲ್ಲ.

"ನನಗ ಎರಡೂ ಕೈ ಅದಾವಪ್ಪ, ನನಗ ಹೆಂಗ ಗೊತ್ತಾಗಬೇಕು? ನೀನ ತೋರ್ಸು."

ಅವನು ಸಾಲಿನತ್ತ ನೋಡಿದ, ಅಕ್ಕನತ್ತ ನೋಡಿದ. ಆಮೇಲೆ ಬಲಗೈ ಮೇಲಿನ ಟವಲ್ಲನ್ನು ಎಳೆದುಕೊಂಡ. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಮಡಿಕೆಯನ್ನು ಮೊಂಡುಗೈಯಿಂದ ಕಿವಿಯ ಮೇಲೆ ಒತ್ತಿ ಹಿಡಿದು, ಎಡಗೈಯಲ್ಲಿ ಸುತ್ತುತ್ತ ಹೋದ. ಕೊನೆಯ ತುದಿಯನ್ನು ಹಿಂದೆ ಸಿಕ್ಕಿಸಿದ. ಒಂದು ಕಿವಿ ಪೂರಾ ಮುಚ್ಚಿಹೋಗಿತ್ತು, ಆದರೂ ರುಮಾಲು ನಿಂತಿತು. ಹೆಂಗಸರೆಲ್ಲ ಕೈಯಲ್ಲಿ ಸಸಿ ಹಿಡಿದು ನಿಂತೇ ಇದ್ದರು. ಜಂಬಮ್ಮ ಒಬ್ಬಳು ತಲೆ ಎತ್ತದೆ ನೆಡುತ್ತಿದ್ದಳು, ಅವತ್ತು ಅವಳ ಸಾಲಿನಲ್ಲಿ ಬಿದ್ದಷ್ಟು ಸಂದು ಯಾವತ್ತೂ ಬಿದ್ದಿರಲಿಲ್ಲ.

ಕೆಂಚ ರುಮಾಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿದ ಎಂದು ನಾನು ಮತ್ತೆ ಶುರುಮಾಡಿದೆ. ಮೊಂಡುಗೈಯಿಂದ ಮಡಿಕೆಯನ್ನು ಒತ್ತಿ ಹಿಡಿದ, ಎಡಗೈಯಲ್ಲಿ ಸುತ್ತಿದ. ಯಾರೂ ತಕರಾರು ಎತ್ತಲಿಲ್ಲ.

ಗುಡ್ಡಪ್ಪ ಮೊಂಡುಗೈಯನ್ನು ಬಿಸಿಲಿಗೆ ಬಿಟ್ಟುಕೊಂಡೇ ನನ್ನ ಪಕ್ಕಕ್ಕೆ ಸರಿದು ಕುಳಿತ.

"ಮುಂದ?" ಎಂದ.